ಪಟ್ಟು ಬಿಡದವರೊಡನೆ ಬಾಳುವ ಬಗೆ

‘ಹಿಡಿದ ಪಟ್ಟು ಬಿಡದವನು’ ಎಂಬ ಮಾತನ್ನು ನಾವು ಎರಡು ಬಗೆಯಾಗಿ ಆಡುತ್ತೇವೆ. ಹರಿಶ್ಚಂದ್ರನ ಕಥೆಯನ್ನು ಹೇಳುವಾಗ ಅದು ಹೊಗಳಿಕೆ. ನೆರೆಮನೆಯ ಯಜಮಾನರ ಸುದ್ದಿ ಬಂದಾಗ ಅದೇ ಮಾತು ದೂರು. ಇನ್ನೂ ಒಂದು ವಿಶೇಷವುಂಟು. ನಮ್ಮಲ್ಲಿರುವ ಆ ಗುಣಕ್ಕೆ ನಾವಿಟ್ಟುಕೊಂಡ ಹೆಸರು ನಿಷ್ಠೆ. ಪರರಲ್ಲಿ ಕಂಡಾಗ ಅದು ಹಠ. ಒಂದೇ ವಸ್ತುವಿಗೆ ಮನೆಯೊಳಗೊಂದು ಹೆಸರು, ಬೀದಿಯಲ್ಲೊಂದು ಹೆಸರು. ಆದುದರಿಂದ ವಾಚಕರು ಈ ಲೇಖನವನ್ನು ಓದುತ್ತ ‘ಇದು ನಮ್ಮ ಮಾವನವರಿಗೆ ಸರಿಯಾಗಿ ಹೊಂದುತ್ತದೆ’ ಎಂದುಕೊಳ್ಳುವ ಮೊದಲು, ಅದೇ ಹೊತ್ತಿಗೆ ಮಾವನವರೂ ಇದನ್ನು ಓದುತ್ತಿರಬಹುದೆಂಬುದನ್ನು ನೆನಪಿಡುವುದು ಒಳ್ಳೆಯದು.

ನಿಷ್ಠೆಗೂ ಹಠಕ್ಕೂ ಭೇದವಿಲ್ಲವೆಂದಲ್ಲ. ನಿಷ್ಠಾವಂತನು ತನ್ನ ನಡೆಗೆ ಕಾರಣವೇನೆಂಬುದನ್ನು ಬಲ್ಲನು, ಕೇಳಿದರೆ ಹೇಳುವನು, ಹೇಳಿದ ಮೇಲೆ ನಿಮ್ಮ ಕಾರಣವನ್ನೂ ಕೇಳುವನು. ಹಠವಾದಿಗೆ ಪ್ರಶ್ನೆಯೇ ಅವಮಾನ. ‘ಯಾಕೆ?’ ಎಂದು ಕೇಳಿದ ಕೂಡಲೇ ಅವನಿಗೆ ‘ನೀನು ಯಾರು?’ ಎಂದು ಕೇಳಿದಂತಾಗುತ್ತದೆ. ಜೈನಶಾಸ್ತ್ರಕಾರರು ಇಂಥ ದೃಷ್ಟಿಗೆ ‘ಏಕಾಂತ’ ಎಂದು ಹೆಸರಿಟ್ಟರು. ಅಂತವೆಂದರೆ ಇಲ್ಲಿ ತುದಿ, ಮಗ್ಗುಲು. ವಸ್ತುವಿನ ಒಂದೇ ಮಗ್ಗುಲನ್ನು ಕಂಡು ಅದೇ ಸಮಗ್ರವೆಂದು ಸಾಧಿಸುವುದು ಏಕಾಂತ. ಬಳಕೆಯ ಕನ್ನಡದಲ್ಲಿ ಏಕಾಂತವೆಂದರೆ ಒಬ್ಬನೇ ಇರುವುದು. ಶಾಸ್ತ್ರದ ಅರ್ಥದಿಂದ ಹೊರಟವನು ಬಳಕೆಯ ಅರ್ಥವನ್ನು ಮುಟ್ಟಲು ಬಹುಕಾಲ ಬೇಕಾಗುವುದಿಲ್ಲ!

ಇದಕ್ಕೆ ಪ್ರತಿಯಾದುದು ಅನೇಕಾಂತ. ಆನೆಯನ್ನು ಮುಟ್ಟಿದ ಕುರುಡರ ಕಥೆ ಮಕ್ಕಳಿಗೂ ಗೊತ್ತು, ಅದನ್ನಿಲ್ಲಿ ಬೆಳೆಸುವುದಿಲ್ಲ. ‘ಸ್ಯಾತ್’ ಎಂಬ ಶಬ್ದದ ವಿಷಯವಾಗಿ ಮಾತ್ರ ಒಂದು ಮಾತು. ಅನೇಕರು ಅದನ್ನು ‘ಇದ್ದರೂ ಇರಬಹುದು’ ಎಂಬ ಸಂಶಯದ ಮಾತೆಂದು ತಿಳಿದಿದ್ದಾರೆ. ಹಾಗಲ್ಲ. ‘ಒಂದು ದೃಷ್ಟಿಯಿಂದ ನೋಡಿದರೆ ಇದು ನಿಶ್ಚಯವಾಗಿಯೂ ಹೀಗಿದೆ’ ಎಂಬುದು ಅದರ ತಾತ್ಪರ್ಯ. ಹೇಳುವವನು ಗಟ್ಟಿಯಾಗಿಯೇ ಹೇಳುತ್ತಾನೆ. ತಾನು ಎಲ್ಲಿ ನಿಂತು ನೋಡಿದೆನೆಂಬುದನ್ನು ಸೇರಿಸಿ ಹೇಳುತ್ತಾನೆ, ಅಷ್ಟೆ. ಸಂಬಂಧಗಳಲ್ಲಿ ಬೇಕಾದ ಮೃದುತ್ವವೂ ಇದೇ ಬಗೆಯದು. ತನ್ನ ಅಭಿಪ್ರಾಯವನ್ನೇ ಕಳೆದುಕೊಂಡು ಎಲ್ಲದಕ್ಕೂ ‘ಹೌದು’ ಎನ್ನುವವನನ್ನು ಮೃದು ಎನ್ನಲಾಗದು. ಅವನು ಗಾಳಿಗೆ ಬಿಟ್ಟ ಹತ್ತಿ.

ಈ ಅನೇಕಾಂತವನ್ನು ಶತಮಾನಗಳಿಂದ ಬೋಧಿಸುತ್ತ ಬಂದ ಊರು ನಮ್ಮ ಮೂಡಬಿದ್ರೆ. ಹದಿನೆಂಟು ಬಸದಿಗಳ ಊರು. 1430ರಲ್ಲಿ ಕಟ್ಟಲಾರಂಭಿಸಿದ ಸಾವಿರಕಂಬದ ಬಸದಿಯನ್ನು ನೋಡದವರು ಕಡಿಮೆ. ಆದರೆ ಪಟ್ಟು ಹಿಡಿಯುವುದು ಹೇಗೆ, ಪಟ್ಟು ಸಡಿಲುವುದು ಹೇಗೆ ಎಂಬುದನ್ನು ತಿಳಿಯಬಯಸುವವರು ಗುರುಬಸದಿಯ ಕಡೆಗೆ ಹೋಗಬೇಕು. ಸಿದ್ಧಾಂತ ಬಸದಿಯೆಂಬ ಹೆಸರೂ ಅದಕ್ಕುಂಟು. ಆ ಹೆಸರು ಬಂದುದು ಅಲ್ಲಿದ್ದ ಓಲೆಗರಿಗಳಿಂದ.

ದಿಗಂಬರ ಜೈನರಿಗೆ ಪರಮಪೂಜ್ಯವಾದ ಆಗಮ ‘ಷಟ್ಖಂಡಾಗಮ’. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರು ರಚಿಸಿದ್ದು. ಅದಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದ ಆದಿಯಲ್ಲಿ ಬರೆದ ವ್ಯಾಖ್ಯಾನ ‘ಧವಲಾ’. ಇದರ ಜೊತೆಯದಾದ ‘ಜಯಧವಲಾ’ವನ್ನು ವೀರಸೇನರು ಆರಂಭಿಸಿದರು, ಶಿಷ್ಯರಾದ ಜಿನಸೇನರು 837ರಲ್ಲಿ ಮುಗಿಸಿದರು. ಈ ಜಿನಸೇನರೇ ಅಮೋಘವರ್ಷ ನೃಪತುಂಗನ ಗುರುಗಳು. ನಮ್ಮ ಪಂಪನ ಆದಿಪುರಾಣಕ್ಕೆ ಆಧಾರವಾದ ಸಂಸ್ಕೃತ ಕಾವ್ಯವನ್ನು ಬರೆದವರೂ ಇವರೇ. ಆಗಮದ ಆರನೆಯ ಖಂಡ ‘ಮಹಾಬಂಧ’. ಅದನ್ನು ‘ಮಹಾಧವಲಾ’ ಎಂದೂ ಕರೆಯುವುದುಂಟು. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಇಡೀ ಭಾರತದಲ್ಲಿ ಈ ಗ್ರಂಥಗಳ ಹಳೆಯ ಓಲೆಪ್ರತಿಗಳು ಉಳಿದುಬಂದುದು ಮೂಡಬಿದ್ರೆಯೊಂದರಲ್ಲಿಯೇ.

ಉಳಿದುಬಂದುವು, ಆದರೆ ಓದಲಿಕ್ಕಿಲ್ಲ! ಯಾತ್ರಿಕರು ಬಂದಾಗ ಗಂಟನ್ನು ಹೊರತೆಗೆದು ತೋರಿಸುವುದು, ಅವರು ಕೈಮುಗಿದು ಕಾಣಿಕೆ ಸಲ್ಲಿಸುವುದು, ಮತ್ತೆ ಗಂಟು ಕಟ್ಟಿಡುವುದು. ಹೀಗೆ ತಲೆಮಾರುಗಳು ಕಳೆದುವು. ಪ್ರತಿ ಮಾಡಲು ಅನುಮತಿ ಇಲ್ಲ, ಹೊರಗೆ ಒಯ್ಯಲಂತೂ ಕೇಳುವುದೇ ಬೇಡ. ಸಿದ್ಧಾಂತಗ್ರಂಥಗಳನ್ನು ಓದುವ ಅಧಿಕಾರ ಗೃಹಸ್ಥರಿಗಿಲ್ಲವೆಂಬ ಅಭಿಪ್ರಾಯವೂ ಬಲವಾಗಿತ್ತು. ಇತ್ತ ಗರಿಗಳು ಹುಳ ಹಿಡಿಯುತ್ತಿದ್ದುವು, ಮುರಿಯುತ್ತಿದ್ದುವು. ಆ ಲಿಪಿಯನ್ನು ಓದಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ಕಾಪಾಡಬೇಕೆಂಬ ಕಟ್ಟೇ ಕಾಪಾಡಬೇಕಾದುದನ್ನು ಕೊಲ್ಲುವ ಹೊತ್ತು ಬಂದಿತ್ತು.

ಆ ಕಾವಲುಗಾರರನ್ನು ಮೂಢರೆಂದು ಜರೆಯುವುದು ಸುಲಭ. ನಾನು ಒಪ್ಪುವುದಿಲ್ಲ. ಇತರ ಕಡೆಗಳಲ್ಲೆಲ್ಲ ಈ ಗ್ರಂಥಗಳು ನಾಶವಾಗಿ ಇಲ್ಲಿ ಮಾತ್ರ ಉಳಿದುದು ಯಾರ ಪಟ್ಟಿನಿಂದ? ಇವರ ಹಿರಿಯರ ಪಟ್ಟಿನಿಂದಲೇ ಅಲ್ಲವೇ? ಕೊಟ್ಟದ್ದು ಮರಳಿ ಬರುವುದಿಲ್ಲ ಎಂಬ ಭಯವೂ ಹುರುಳಿಲ್ಲದ್ದಲ್ಲ. ಪುಸ್ತಕ ಎರವಲು ಕೊಟ್ಟು ಅನುಭವವಿದ್ದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗಾಗಿ ಬಂದು ಈ ಗ್ರಂಥಗಳ ದರ್ಶನ ಮಾಡಿ, ಅವುಗಳ ಸ್ಥಿತಿಯನ್ನು ಕಂಡು ಮರುಗಿದರು. ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ವಿಷಯ ತಿಳಿಸಿದರು. ಇವರು ಬಂದು ‘ನಮಗೆ ಗ್ರಂಥಗಳನ್ನು ಕೊಡಿ’ ಎನ್ನಲಿಲ್ಲ. ಮೊದಲು ಕೇಳಿದ್ದು, ಓದಬಲ್ಲ ಒಬ್ಬ ವಿದ್ವಾಂಸರು ಇಲ್ಲಿಯೇ ಕುಳಿತು ಸ್ವಲ್ಪ ಓದಿ ಕೇಳಿಸಲಿ ಎಂದು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಓದಿದರು. ಕೇಳಿದವರ ಮನಸ್ಸಿನಲ್ಲಿ ಏನೋ ಕದಲಿತು. ತಾವು ಇಷ್ಟು ಕಾಲ ಪೂಜಿಸಿದ ಗಂಟಿನೊಳಗೆ ಮಾತುಗಳಿವೆ ಎಂಬುದು ಆಗ ಅನುಭವಕ್ಕೆ ಬಂದಿರಬೇಕು. ಅನಂತರದ ಕೋರಿಕೆ, ಜೀರ್ಣವಾಗುತ್ತಿರುವ ಓಲೆಗಳಿಗೆ ಬದಲಾಗಿ ಪ್ರತಿಯೊಂದನ್ನು ಮಾಡಿಸಿ ಇಲ್ಲಿಯೇ ಇಡೋಣ ಎಂಬುದು. ಅದಕ್ಕೂ ಒಪ್ಪಿಗೆ ದೊರೆಯಲು ಹತ್ತಾರು ವರ್ಷಗಳೇ ಬೇಕಾದುವು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ 1896ರ ಹೊತ್ತಿಗೆ ಪ್ರತಿಕಾರ್ಯಕ್ಕೆ ಕೈಹಚ್ಚಿದರು. ಮೂರೂ ಗ್ರಂಥಗಳ ಪ್ರತಿ ಮುಗಿದುದು 1922ರ ವೇಳೆಗೆ. ಕರಾರು ಒಂದೇ: ಪ್ರತಿಗಳು ಊರು ಬಿಟ್ಟು ಹೋಗಕೂಡದು.

ಇಲ್ಲಿ ಕಥೆಗೆ ಒಂದು ತಿರುವುಂಟು. ಗಜಪತಿ ಉಪಾಧ್ಯಾಯರು ಹಗಲಿನಲ್ಲಿ ಅಧಿಕೃತವಾಗಿ ಪ್ರತಿ ಮಾಡುತ್ತ, ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನೂ ಸಿದ್ಧಪಡಿಸಿದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ಈ ಕೆಲಸದಲ್ಲಿ ಜೊತೆಗಾರ್ತಿ. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದನ್ನು ಕೊಂಡವರೂ ಅದನ್ನು ಭದ್ರವಾಗಿ ಬೀಗದೊಳಗಿಟ್ಟರು! ಅಲ್ಲಿ ನಾಗರಿಗೆ ಇಳಿಸಲು ನೇಮಿಸಿದ ಶಾಸ್ತ್ರಿಗಳು ಮತ್ತೊಂದು ಗುಟ್ಟಿನ ಪ್ರತಿಯನ್ನು ಮಾಡಿಕೊಂಡರು. ಅದರಿಂದ ಇತರ ಪ್ರತಿಗಳು ಹರಡಿದುವು. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಧವಲಾದ ಮೊದಲನೆಯ ಸಂಪುಟವನ್ನು ಹೊರತಂದರು. ಅವರೊಡನೆ ದುಡಿದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆಯವರೂ ಒಬ್ಬರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಪೂರ್ಣವಾದುವು.

ಗುಟ್ಟಿನ ಪ್ರತಿ ಇಲ್ಲದಿದ್ದರೆ ಮುದ್ರಣ ಇನ್ನೆಷ್ಟು ತಡವಾಗುತ್ತಿತ್ತೋ ಹೇಳಲಾಗದು. ವಿದ್ಯೆಯ ಲೆಕ್ಕದಲ್ಲಿ ಅದು ಲಾಭ. ಆದರೆ ನಂಬಿಕೆಯ ಲೆಕ್ಕ ಬೇರೆ. ಮನೆಯಲ್ಲಿಯೂ ನಾವು ಇಂಥ ಗುಟ್ಟಿನ ಪ್ರತಿಗಳನ್ನು ಮಾಡುತ್ತೇವೆ. ಅತ್ತೆಗೆ ತಿಳಿಯದಂತೆ ತವರಿಗೆ ಕಳುಹಿದ ಹಣ, ತಂದೆಗೆ ಹೇಳದೆ ಬದಲಿಸಿದ ಪಾಠವಿಷಯ. ಕೆಲಸವೇನೋ ಆಗುತ್ತದೆ; ಗೊತ್ತಾದ ದಿನ ‘ನಾನು ಬಿಗಿಯಾಗಿದ್ದದ್ದೇ ಸರಿ’ ಎಂದು ಹಿರಿಯರ ಪಟ್ಟು ಇಮ್ಮಡಿಯಾಗುತ್ತದೆ. ಮೂಡಬಿದ್ರೆಯಲ್ಲಿ ಹಾಗಾಗದಿದ್ದುದೇ ಆಶ್ಚರ್ಯ. ಮುದ್ರಿತ ಸಂಪುಟ ಬಂತು. ಅದನ್ನು ಭಕ್ತಿಯಿಂದಲೂ ಶುದ್ಧವಾಗಿಯೂ ಸಂಪಾದಿಸಲಾಗಿದೆ ಎಂಬುದನ್ನು ಮಠದ ಭಟ್ಟಾರಕರೂ ಬಸದಿಗಳ ಮುಖ್ಯಸ್ಥರೂ ಕಣ್ಣಾರೆ ಕಂಡರು. ಪ್ರತಿಯ ಪ್ರತಿಯಿಂದ ಅಚ್ಚಾದ ಪಾಠದಲ್ಲಿ ತಪ್ಪುಗಳು ನುಸುಳಬಹುದಲ್ಲವೇ? ಮೂಲ ಓಲೆಗಳೊಡನೆ ತಾಳೆ ನೋಡಲು ಮುಂದಿನ ಸಂಪುಟಗಳಿಗೆ ಅವರೇ ಅನುಕೂಲ ಮಾಡಿಕೊಟ್ಟರು. ಊರಿನ ಲೋಕನಾಥ ಶಾಸ್ತ್ರಿಗಳು ಆ ಕೆಲಸದಲ್ಲಿ ನೆರವಾದರು. ಬಾಗಿಲು ತೆರೆದವರು ಬಾಗಿಲು ಮುಚ್ಚಿದವರ ವಂಶದವರೇ. ಭಯದ ಕಾರಣ ಸುಳ್ಳೆಂದು ಕಂಡಾಗ ಪಟ್ಟು ತಾನಾಗಿ ಸಡಿಲಿತು. ವಾದದಿಂದ ಅದು ಸಡಿಲಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲ ಹಠದ ಹಿಂದೆಯೂ ಇಂಥದೊಂದು ಹಳೆಯ ಭಯವಿರುತ್ತದೆಂದು ಹೇಳಲಾರೆ. ಕೆಲವರದು ಬರಿಯ ಗರ್ವ. ಆದರೆ ಹುಡುಕಿ ನೋಡಿದರೆ ಭಯವೋ ನೆನಪೋ ಸಿಕ್ಕುವುದೇ ಹೆಚ್ಚು. ಬಂಟ್ವಾಳದ ಪೇಟೆಯಲ್ಲಿ ಹೊಳೆಬದಿಯ ಒಂದು ಮನೆ. ಆಟಿ ತಿಂಗಳು ಹತ್ತಿರ ಬಂತೆಂದರೆ ಅಜ್ಜನ ಗದ್ದಲ: ಅಕ್ಕಿ, ಪಾತ್ರೆ, ಪೆಟ್ಟಿಗೆ ಎಲ್ಲವೂ ಅಟ್ಟಕ್ಕೆ ಹೋಗಬೇಕು. ಮಳೆ ಬರಲಿ ಬಾರದಿರಲಿ, ಹೋಗಲೇಬೇಕು. ಮಕ್ಕಳಿಗೆ ನಗು, ಸೊಸೆಗೆ ಬೆನ್ನುನೋವು. ಒಂದು ವರ್ಷ ಸೊಸೆ ‘ಮಾವ, ನೀವು ನೋಡಿದ ನೆರೆ ಹೇಗಿತ್ತು?’ ಎಂದು ಕೇಳಿದಳು. ಅಜ್ಜ ಒಂದು ತಾಸು ಮಾತಾಡಿದರು. ನೇತ್ರಾವತಿ 1923ರಲ್ಲಿ ಪೇಟೆಯನ್ನು ಮುಳುಗಿಸಿದ ಕಥೆ ತಾಯಿಯಿಂದ ಕೇಳಿದ್ದು. 1974ರದು ಸ್ವತಃ ಕಂಡದ್ದು. ರಾತ್ರಿ ನೀರು ಮೆಟ್ಟಿಲೇರಿದ್ದು, ದಾಸ್ತಾನೆಲ್ಲ ತೊಯ್ದು ಹೋದದ್ದು, ಅನಂತರದ ತಿಂಗಳುಗಳ ಹಸಿವು. ಆ ಮನೆಯಲ್ಲಿ ಈಗ ಕಾಗದಪತ್ರಗಳೂ ಅಕ್ಕಿಯೂ ಮಾತ್ರ ಅಟ್ಟಕ್ಕೇರುತ್ತವೆ, ಉಳಿದುವು ಕೆಳಗೇ ಇರುತ್ತವೆ. ಯಾರೂ ಯಾರನ್ನೂ ಸೋಲಿಸಲಿಲ್ಲ. ‘ಯಾಕೆ ಹೀಗೆ ಮಾಡುತ್ತೀರಿ?’ ಎಂದು ಕೇಳಿದ್ದರೆ ಬರುತ್ತಿದ್ದುದು ಸಿಟ್ಟು, ‘ಹೇಗಿತ್ತು?’ ಎಂದು ಕೇಳಿದ್ದರಿಂದ ಕಥೆ ಬಂತು. ಈ ಎರಡು ಪ್ರಶ್ನೆಗಳ ಅಂತರವನ್ನು ವಾಚಕರು ತಮ್ಮ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು.

ಮತ್ತೆ ಮೂಡಬಿದ್ರೆಗೆ ಬರೋಣ. 16ನೆಯ ಶತಮಾನದಲ್ಲಿ ಅಲ್ಲಿದ್ದ ರತ್ನಾಕರವರ್ಣಿಯನ್ನು ಬಿಟ್ಟು ಈ ವಿಷಯವನ್ನು ಮುಗಿಸಲಾಗದು. ಸಾಂಗತ್ಯದಲ್ಲಿ ‘ಭರತೇಶವೈಭವ’ವನ್ನು ಬರೆದ ಕವಿ ಅವನು. ದೇವಚಂದ್ರನ ರಾಜಾವಳೀಕಥೆಯಲ್ಲಿ ಬರುವ ಐತಿಹ್ಯದ ಪ್ರಕಾರ, ಕಾವ್ಯವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದನು. ಕೆಲವು ಪದ್ಯಗಳು ಆಗಮಕ್ಕೆ ವಿರುದ್ಧವೆಂದು ಭಟ್ಟಾರಕರು ತಡೆದರು. ಮಾತಿಗೆ ಮಾತು ಬೆಳೆಯಿತು. ಶ್ರಾವಕರ ಮನೆಗಳಲ್ಲಿ ಅವನಿಗೆ ಊಟವಿಕ್ಕಕೂಡದೆಂದು ಕಟ್ಟಾಯಿತು. ಒಡಹುಟ್ಟಿದವಳ ಮನೆಯೊಂದೇ ಅವನಿಗೆ ತೆರೆದಿತ್ತಂತೆ. ಕವಿ ಸಿಟ್ಟಿನಿಂದ ವೀರಶೈವನಾದನು, ಮುಂದೆ ಮತ್ತೆ ಜೈನನಾದನು. ಕಥೆಯಲ್ಲಿ ಎಷ್ಟು ಇತಿಹಾಸವೋ ಬಲ್ಲವರು ವಿಚಾರಿಸಲಿ. ಇಬ್ಬರೂ ಪಟ್ಟು ಹಿಡಿದಾಗ ತಟ್ಟೆಗೆ ಅನ್ನ ಬಡಿಸಿದ ಒಬ್ಬ ಹೆಂಗಸು ನಡುವೆ ಇದ್ದಳೆಂಬುದನ್ನು ಜನ ನೆನಪಿಟ್ಟುಕೊಂಡು ಬಂದರಲ್ಲ, ನನಗೆ ಅದು ಮುಖ್ಯವಾಗಿ ತೋರುತ್ತದೆ. ವಾದ ಮಾಡುವವರಿಗೆ ಕೊರತೆಯಿಲ್ಲದ ಮನೆಗಳಲ್ಲಿ ಊಟದ ಬಾಗಿಲು ಮುಚ್ಚದವರೊಬ್ಬರು ಬೇಕು.

ಈ ಕವಿಯೇ ಭರತ ಬಾಹುಬಲಿಯರ ಪ್ರಸಂಗವನ್ನು ಹೇಗೆ ಮಾರ್ಪಡಿಸಿದನೆಂಬುದು ಇನ್ನೂ ಕುತೂಹಲಕರ. ಪಂಪನಲ್ಲಿ ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಮೂರರಲ್ಲಿಯೂ ತಮ್ಮನು ಗೆಲ್ಲುತ್ತಾನೆ. ರತ್ನಾಕರನು ಆ ಯುದ್ಧಗಳಿಗೆ ಎಡೆಗೊಡಲಿಲ್ಲ. ಅವನ ಭರತನು ಸೇನೆಯ ಮುಂದೆ ನಿಂತು ತಮ್ಮನೊಡನೆ ಮಾತಾಡುತ್ತಾನೆ, ಗೆಲವನ್ನು ತಾನಾಗಿಯೇ ತಮ್ಮನಿಗೆ ಬಿಟ್ಟುಕೊಡುತ್ತಾನೆ. ಎದುರಿಗೆ ತಳ್ಳುವವರಿಲ್ಲದಾಗ ಬಾಹುಬಲಿಗೆ ಹಿಡಿದ ಪಟ್ಟು ತನಗೇ ಭಾರವಾಗುತ್ತದೆ. ಇದು ಕವಿಯ ಕಲ್ಪನೆಯೇ ಇರಲಿ, ಮನೋಧರ್ಮವನ್ನು ಬಲ್ಲವನ ಕಲ್ಪನೆ. ಹಠಕ್ಕೆ ಆಹಾರವೇ ಎದುರುಹಠ.

ಮನೆತನಗಳ ಹಠಕ್ಕೆ ನಮ್ಮ ಈ ಸೀಮೆಯಲ್ಲಿ ಒಂದು ದೊಡ್ಡ ಕ್ಷೇತ್ರವಿತ್ತು: ಅಳಿಯಕಟ್ಟು. ಭೂತಾಳಪಾಂಡ್ಯನ ಹೆಸರಿನಲ್ಲಿ ನಡೆದುಬಂದ ಈ ಸಂಪ್ರದಾಯದಲ್ಲಿ ಆಸ್ತಿ ಹೆಣ್ಣಿನ ಸಂತಾನದ ಮೂಲಕ ಸಾಗುತ್ತಿತ್ತು. ಬಂಟರು, ಬಿಲ್ಲವರು, ಈ ಕಡೆಯ ಜೈನರು ಮೊದಲಾದವರು ಇದನ್ನು ಅನುಸರಿಸಿದವರು. ಕುಟುಂಬದ ಆಸ್ತಿ ಅವಿಭಾಜ್ಯ. ಎಲ್ಲರ ಒಪ್ಪಿಗೆ ಇಲ್ಲದೆ ಒಬ್ಬನು ಪಾಲು ಕೇಳುವಂತಿರಲಿಲ್ಲ. ಯಜಮಾನನ ಮಾತೇ ಮಾತು. ಬಂಟ್ವಾಳ ಬೆಳ್ತಂಗಡಿಗಳ ದೊಡ್ಡ ಮನೆಗಳಲ್ಲಿ, ಹೆಂಡತಿ ಮಕ್ಕಳಿಗೆ ತಾನು ದುಡಿದದ್ದನ್ನಾದರೂ ಕೊಡಬೇಕೆಂಬ ಗಂಡಸಿಗೂ, ‘ಕಟ್ಟು ಮುರಿಯಬಾರದು’ ಎಂಬ ಮಾವನಿಗೂ ನಡೆದ ಜಗಳಗಳಿಗೆ ಲೆಕ್ಕವಿಲ್ಲ. 1949ರ ಮದರಾಸು ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಇನ್ನಷ್ಟನ್ನು ಬದಲಿಸಿತು. ಮಾತಿನಿಂದ ಆಗದಿದ್ದುದನ್ನು ಕಾನೂನು ಮಾಡಿತು, ಸರಿ. ಆದರೆ ಕಾನೂನು ಪಾಲು ಮಾಡಿಕೊಡಬಲ್ಲುದು. ಪಾಲಾದ ಮೇಲೆ ತರವಾಡಿನ ಭೂತದ ಕೋಲಕ್ಕೆ ಎಲ್ಲರೂ ಒಂದೇ ಚಾವಡಿಯಲ್ಲಿ ಕುಳಿತುಕೊಳ್ಳುವಂತೆ ಮಾಡಲಾರದು. ನ್ಯಾಯಾಲಯಕ್ಕೆ ಹೋಗುವ ಮೊದಲೇ ಕುಳಿತು ಮಾತಾಡಿಕೊಂಡ ಮನೆಗಳಲ್ಲಿ ಚಾವಡಿ ಉಳಿಯಿತು.

ಬೆಳ್ತಂಗಡಿಯ ಸೀಮೆಯ ಧರ್ಮಸ್ಥಳವನ್ನೂ ಇಲ್ಲಿ ಸ್ಮರಿಸಬಹುದು. ದೇವರು ಮಂಜುನಾಥ, ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವರು. ಆಡಳಿತ ನಡೆಸುವ ಹೆಗ್ಗಡೆಯವರು ಜೈನರು. ಸರ್ವಧರ್ಮ ಸಮ್ಮೇಳನ 1933ರಿಂದ ಅಲ್ಲಿ ನಡೆದು ಬಂದಿದೆ. ಈ ಏರ್ಪಾಡಿನಲ್ಲಿ ಯಾರೂ ತಮ್ಮ ಮತವನ್ನು ಬಿಡಲಿಲ್ಲ. ತನ್ನದನ್ನು ಗಟ್ಟಿಯಾಗಿ ಹಿಡಿದವನಿಗೇ ಪಕ್ಕದವನಿಗೆ ಎಡೆ ಕೊಡುವ ಧೈರ್ಯವಿರುತ್ತದೆ.

ಇನ್ನು ಮಾತಿನ ಬಗೆ. ತಾಳಮದ್ದಳೆಯ ಕೂಟಗಳಿಗೆ ಹೋಗುವವರು ‘ಕೃಷ್ಣಸಂಧಾನ’ದಲ್ಲಿ ಒಂದನ್ನು ಗಮನಿಸಿರಬೇಕು. ಒಳ್ಳೆಯ ಅರ್ಥಧಾರಿಯು ಕೃಷ್ಣನಾಗಿ ಮಾತಾಡುವಾಗ, ಕೌರವನ ವಾದವನ್ನು ಮೊದಲು ತಾನೇ ಎತ್ತಿ, ಕೌರವನು ಹೇಳಿದ್ದಕ್ಕಿಂತಲೂ ಚೆನ್ನಾಗಿ ಹೇಳಿ, ಆಮೇಲೆ ಉತ್ತರಕ್ಕೆ ತೊಡಗುತ್ತಾನೆ. ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷವೆಂದು ಹೆಸರು. ಅದನ್ನು ನ್ಯಾಯವಾಗಿ ಮಂಡಿಸದವನ ಸಿದ್ಧಾಂತಕ್ಕೆ ಬೆಲೆಯಿಲ್ಲ. ಮನೆಯ ಮಾತಿನಲ್ಲಿ ನಾವು ಪೂರ್ವಪಕ್ಷವನ್ನು ಬಿಟ್ಟು ನೇರವಾಗಿ ಸಿದ್ಧಾಂತಕ್ಕೆ ಹಾರುತ್ತೇವೆ. ಎದುರಿನವರು ತಮ್ಮ ಮಾತು ಮುಟ್ಟಲಿಲ್ಲವೆಂದು ಅದನ್ನೇ ಮತ್ತೆ ಮತ್ತೆ, ಒಮ್ಮೆಗಿಂತ ಒಮ್ಮೆ ಜೋರಾಗಿ ಹೇಳುತ್ತಾರೆ; ನಾವು ಅದನ್ನು ಹಠವೆನ್ನುತ್ತೇವೆ. ಮತ್ತೊಂದು. ತಾಳಮದ್ದಳೆ ನಡೆಯುವುದು ಸಭೆಯ ಮುಂದೆ. ಮನೆಯ ಮಾತು ಹಾಗೆ ನಡೆಯಕೂಡದು. ನೆಂಟರ ಮುಂದೆ, ಮಕ್ಕಳ ಮುಂದೆ ಸೋಲೊಪ್ಪುವ ಹಠವಾದಿಯನ್ನು ನಾನು ಕಂಡಿಲ್ಲ. ಸಂಜೆ ಜಗಲಿಯಲ್ಲಿ ಒಬ್ಬರೇ ಎಲೆಅಡಿಕೆ ಹಾಕುತ್ತ ಕುಳಿತಾಗ ಅವರೇ ಬೇರೆ ಮನುಷ್ಯರಾಗಿರುತ್ತಾರೆ.

ಎಲ್ಲ ಕಡೆಯೂ ಬಾಗಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಹೊಡೆತವನ್ನು ಸಹಿಸುವುದು ಮೃದುತ್ವವಲ್ಲ. ಹೆಣ್ಣುಮಗುವಿನ ವಿದ್ಯೆಯನ್ನು ನಿಲ್ಲಿಸುವ ಹಠಕ್ಕೆ ‘ಹಿರಿಯರ ಮಾತು’ ಎಂದು ತಲೆಯಾಡಿಸುವುದೂ ಅಲ್ಲ. ಗುರಿಯಲ್ಲಿ ಬಾಗದೆ ದಾರಿಯಲ್ಲಿ ಬಾಗುವುದು ಒಂದು ವಿದ್ಯೆ. ವೇಣೂರಿನ ಆಚೆಯ ಹಳ್ಳಿಯೊಂದರಲ್ಲಿ, ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿದ ನನ್ನ ಶಿಷ್ಯೆಯೊಬ್ಬಳನ್ನು ಮುಂದೆ ಓದಿಸುವುದಿಲ್ಲವೆಂದು ಅವಳ ಅಜ್ಜ ಪಟ್ಟು ಹಿಡಿದರು. ಮಗಳು ಅತ್ತಳು, ಅಳಿಯ ರೇಗಿದ, ಸಂಘದವರು ಬಂದು ಸ್ತ್ರೀವಿದ್ಯೆಯ ಮೇಲೆ ಭಾಷಣ ಮಾಡಿದರು. ಅಜ್ಜ ಭಾಷಣಕಾರರಿಗೆ ಬೊಂಡ ಕೊಟ್ಟು ಕಳುಹಿದರು, ಅಷ್ಟೆ.

ನಾನು ಹೋದಾಗ ಓದಿನ ಸುದ್ದಿ ಎತ್ತಲಿಲ್ಲ. ಅಡಿಕೆಯ ಕೊಳೆರೋಗದ ಮಾತಾಯಿತು, ಮಳೆಯ ಮಾತಾಯಿತು. ಹೊರಡುವಾಗ ಅವರೇ ಹೇಳಿದರು: “ಮಾಷ್ಟ್ರೇ, ಮೂಡಬಿದ್ರೆಯಿಂದ ಸಂಜೆಯ ಬಸ್ಸು ತಪ್ಪಿದರೆ ಅವಳು ಬರುವುದು ಹೇಗೆ? ಬಸ್ಸಿಳಿದ ಮೇಲೆ ಎರಡು ಮೈಲು ಕಾಡುದಾರಿ. ಮಳೆಗಾಲದಲ್ಲಿ ತೋಡು ತುಂಬಿರುತ್ತದೆ.” ಓದಿಗೆ ವಿರೋಧವೆಂದು ನಾವೆಲ್ಲ ತಿಳಿದಿದ್ದುದು ತೋಡಿಗೆ ವಿರೋಧವಾಗಿತ್ತು! ಮಳೆಗಾಲ ಮುಗಿಯುವ ತನಕ ಹುಡುಗಿ ಮೂಡಬಿದ್ರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿರುವುದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುವುದು, ಅಜ್ಜನೇ ನಿಲ್ದಾಣಕ್ಕೆ ಬಂದು ಕರೆದೊಯ್ಯುವುದು ಎಂದಾಯಿತು. ಹುಡುಗಿ ಕಾಲೇಜು ಮುಗಿಸಿ ಈಗ ಅಧ್ಯಾಪಿಕೆಯಾಗಿದ್ದಾಳೆ. ಅವಳನ್ನು ಓದಿಸಬೇಕೆಂದು ಮೊದಲು ಹೇಳಿದವನೇ ತಾನು ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿರುತ್ತಾರೆ. ಆ ಮಾತನ್ನು ತಿದ್ದಲು ಮನೆಯಲ್ಲಿ ಯಾರೂ ಹೋಗಿಲ್ಲ.